ಚಂಪವ್ವನ ಮನೆಯ ಸಂಜೆ

ಸುಮತಿ ಹುಟ್ಟುವ ಮೊದಲೇ ಸೂರ್ಯ ಮುಳುಗುವುದನ್ನು ಬಿಟ್ಟಿದ್ದ. ಆಕಾಶದ ಅಂಚಿಗೆ ಬಂದು, ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಅಲ್ಲೇ ನಿಂತುಬಿಡುತ್ತಿದ್ದ.

ಆದರೂ ಓಣಿಯ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವಂತಿರಲಿಲ್ಲ. ಮನೆಯ ಹಿರಿಯರು ಕಿಟಕಿಗೆ ಕೌದಿ ಇಳಿಬಿಟ್ಟರೆ ಆ ಮನೆಗೆ ಸಂಜೆ. ಎದುರು ಮನೆಯಲ್ಲಿ ಆಗಿನ್ನೂ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತಿತ್ತು. ತುದಿಮನೆಯವರು ಕೌದಿ ಇಳಿಸುವುದನ್ನೇ ಬಿಟ್ಟಿದ್ದರು. ಅವರನ್ನು ಯಾರೂ ಏನೂ ಅನ್ನುತ್ತಿರಲಿಲ್ಲ.

ಅಂದು ಸುಮತಿ ಆಸ್ಪತ್ರೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ಅತ್ತೆ ಚಂಪವ್ವ ಕೌದಿ ಇಳಿಸಿಬಿಟ್ಟಿದ್ದಳು. ಸೊಸೆಯ ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ಕೌದಿಯ ಅಂಚು ಹಿಡಿದು ನಿಂತಳು.

"ಒಂದೀಟ ಎತ್ತಲೇನ್ರಿ ಅತ್ತಿ?"

"ಮುಳುಗಿದ ಹೊತ್ತು ತಿರುಗಿ ಏಳತೈತೇನ?" ಎಂದು ಗದರಿದ ಚಂಪವ್ವ, ಸೊಸೆಯ ಮುಖ ನೋಡಿ ಮೆತ್ತಗಾದಳು. "ಇದು ನನ್ನ ಸಂಜಿ. ನಿನಗ ಇನ್ನೂ ಹೊತ್ತೈತಿ. ಹೊರಗ ಕುಂತು ಉಣ್ಣು ಹೋಗು. ನಿನ್ನ ಸಂಜಿ ನೀನ ಮಾಡ್ಕೋ."

"ನಾ ಮಾಡ್ಕೊಳ್ಳಲಿಲ್ಲಂದ್ರ?"

"ಅದನ್ನ ನನಗ್ಯಾಕ ಕೇಳ್ತಿ?"

ಸುಮತಿ ರೊಟ್ಟಿ ಬುಟ್ಟಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತಳು. ಬೆಲ್ಲದ ಬಣ್ಣದ ಬಿಸಿಲಿನಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡಳು. ಬುಟ್ಟಿಯಲ್ಲಿ ಇನ್ನೊಂದು ರೊಟ್ಟಿ ಇತ್ತು. ಹಸಿವೂ ಇತ್ತು. ಸೂರ್ಯ ಅವಳನ್ನೇ ನೋಡುತ್ತ, ಯಾವ ಅವಸರವೂ ಇಲ್ಲದೆ ನಿಂತಿದ್ದ.

ಅವಳು ಬುಟ್ಟಿ ಮುಚ್ಚಿ, ಕೈ ತೊಳೆದು, ಮೆಲ್ಲಗೆ ಕಣ್ಣು ಮುಚ್ಚಿದಳು.

ಅವಳು ಹುಟ್ಟಿದ ಮೇಲೆ ಮೊದಲ ಸಲ ಸೂರ್ಯ ಮುಳುಗಿದ.