ಚುಕ್ಕಾಣಿಯ ಕೇಬಲ್

"ಚುಕ್ಕಾಣಿಗೆ ಈ ಸ್ಕೂಟರ್ ಕೇಬಲ್ಲೇ ಸಾಕು, ಕೊಡಿ," ಎಂದು ಕೆರೆಯ ಮೋಟಾರು ದೋಣಿಯ ಗುತ್ತಿಗೆದಾರ ಆದಿನಾರಾಯಣಪ್ಪ ಹೊಸಕೋಟೆಯ ಅಂಗಡಿಯವನಿಗೆ ಹೇಳಿದ. ದೋಣಿ ನಡೆಸುವ ಬೈಲಪ್ಪ ಅದನ್ನು ಕಿತ್ತುಕೊಂಡ.

"ಹೋದ ತಿಂಗಳು ಕೆರೆ ಮಧ್ಯೆ ತುಂಡಾಗಿದ್ದು ಇಂಥದ್ದೇ ಅಲ್ವಾ ಸ್ವಾಮಿ? ದೋಣಿ ತಿರುಗ್ಲೇ ಇಲ್ಲ, ಬಂಡೆಗೆ ಹೊಡೀತು. ದೋಣೀಲಿದ್ದ ಮಾರಕ್ಕ ಮುಳುಗಿ ಸತ್ಲು!"

"ಮೆತ್ತಗೆ ಮಾತಾಡೋ. ಗಾಳಿಗೆ ಮಗುಚ್ತು ಅಂತ ಪೊಲೀಸ್ರಿಗೆ ನೀನೇ ಬರೆದ್ಕೊಟ್ಟಿದ್ದೀಯ."

ಬೈಲಪ್ಪನ ಮೈ ಉರಿಯಿತು. ತಿಂಗಳಿನಿಂದ ಈ ಮನುಷ್ಯನ ಮೇಲೆ ಕುದಿಯುತ್ತಿದ್ದ ಸಿಟ್ಟು ಈಗ ತನ್ನ ಮೇಲೂ ತಿರುಗಿತು. ಅಂಗಡಿಯಲ್ಲಿದ್ದ ದಪ್ಪ ಉಕ್ಕಿನ ಕೇಬಲ್ಲನ್ನು ತೆಗೆದು ಆದಿನಾರಾಯಣಪ್ಪನ ಎದೆಗೆ ಒತ್ತಿ, ಮೆಟ್ಟಿಲಿಳಿದ.

"ಎಲ್ಲಿಗೋ?"

"ಸ್ಟೇಷನ್ನಿಗೆ. ನಾನು ಬರೆದಿದ್ದು ಸುಳ್ಳು ಅಂತ ಹೇಳೋಕೆ."