ಹಸಿರು ಅಚ್ಚು

ಇದು ನಿಜವಾಗಿ ನಡೆದದ್ದು. ನಗು ಬರುವಷ್ಟು ಹೊತ್ತು ನಗಬಹುದು. ಮೂಗಿನಲ್ಲೇ ಪಾಠ ಹೇಳುವ ಮೇಷ್ಟ್ರು ಭಾವನನ್ನು ಭಾವಮೈದ ಅವರೆದುರೇ ಅಣಕಿಸುತ್ತಿದ್ದ: “ನೋಡಿ ಮಕ್ಕಳೇ, ಅಣಬೆಯ ಟೋಪೀನ ರಾತ್ರಿಯಿಡೀ ಕಾಗದದ ಮೇಲೆ ಕವುಚಿಟ್ರೆ ಬೀಜಕದ ಪುಡಿ ಉದುರಿ ಅಚ್ಚು ಮೂಡುತ್ತೆ. ಈ ಥರದ ಅಣಬೇಲಿ ಅಚ್ಚು ಬೆಳ್ಳಗಿದ್ರೆ ಊಟ, ಹಸಿರಿದ್ರೆ ಆಸ್ಪತ್ರೆ.”

ಅಕ್ಕನ ಆರು ವರ್ಷದ ಮಗಳು ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು. ಭಾವಮೈದ ಜೇಬಿನಿಂದ ಮಡಚಿದ ಕಾಗದ ತೆಗೆದ. “ಈಗ ಅಸಲು ವಿಷಯ ಕೇಳಿ ಭಾವ. ಬೆಳಿಗ್ಗೆ ನೀವು ಸೂಕ್ಷ್ಮದರ್ಶಕದಲ್ಲಿ ನೋಡಿ ಕುಣಿದಾಡಿದ್ರಲ್ಲ, ಅದು ನಿಮ್ಮದೇ ಫೈಲಿನಲ್ಲಿದ್ದ ಹೋದ ವರ್ಷದ ಬಿಳಿ ಅಚ್ಚು, ತಮಾಷೆಗೆ ನಾನೇ ಬದಲಾಯಿಸಿಟ್ಟಿದ್ದೆ. ನೀವು ರಾತ್ರಿ ಅಣಬೆ ಮುಚ್ಚಿಟ್ಟಿದ್ದ ಗಾಜಿನ ಬಟ್ಟಲ ಕೆಳಗಿದ್ದದ್ದು ಇದು.” ಕಾಗದ ಬಿಚ್ಚಿದರೆ, ಪಾಚಿ ಬಣ್ಣದ ಗೆರೆಗಳ ಚಕ್ರ. “ರಾತ್ರಿ ಅಡುಗೆಗೆ ಮೊದಲೇ ಹೇಳೋಣ ಅಂತ ಓಡಿ ಬಂದೆ.”

ಅಕ್ಕನ ನಗು ನಿಂತಿತು. “ರಾತ್ರಿ ಅಂತ ಯಾರು ಹೇಳಿದ್ರೋ ನಿಂಗೆ? ಇವಳು ಹಟ ಮಾಡಿದ್ಲು ಅಂತ ಮಧ್ಯಾಹ್ನಾನೇ ಆ ಅಣಬೇನ ಹುರಿದುಕೊಟ್ಟೆ. ನಮ್ಮಿಬ್ರಿಗೂ ಉಳಿಸದೆ ಪೂರ್ತಿ ಅವಳೇ ತಿಂದ್ಲು.”

ಮಗು ಒಬ್ಬೊಬ್ಬರ ಮುಖವನ್ನೂ ನೋಡಿತು. “ಅಪ್ಪಾ, ನಾನು ತಪ್ಪು ಮಾಡಿದ್ನಾ?”

ಭಾವ ಆಗ ನಕ್ಕರು, ಅಲ್ಲಿಯವರೆಗೆ ಯಾರೂ ನಗದಷ್ಟು ಜೋರಾಗಿ. “ಇಲ್ಲ ಪುಟ್ಟಾ, ನಿನ್ನ ಮಾವ ಎಂಥ ಕೋತಿ ನೋಡು!” ನಗುತ್ತಲೇ ಅವಳನ್ನು ಹೆಗಲಿಗೆ ಹಾಕಿಕೊಂಡರು, ನಗುತ್ತಲೇ ಡಾಕ್ಟರಿಗೆ ತೋರಿಸಲು ಆ ಕಾಗದ ಕಸಿದುಕೊಂಡರು. ಮೂರು ಮಹಡಿ ಮೆಟ್ಟಿಲು ಓಡಿ ಇಳಿಯುವಷ್ಟು ಹೊತ್ತೂ ಆ ನಗು ಭಾವಮೈದನಿಗೆ ಕೇಳಿಸುತ್ತಲೇ ಇತ್ತು.