ಹಿಂದಲೆಗೆ ಹಾಕಿದ ಅಳು

ದಾವಣಗೆರೆಯ ಸೀರೆ ಅಂಗಡಿಗಳಲ್ಲಿ ಗಿರಾಕಿಯನ್ನು ಕಾಯಿಸುವುದೆಂದರೆ ಮಹಾಪಾಪ. ಅದಕ್ಕೇ ಅಲ್ಲಿನವರು ಲೆಕ್ಕ ಕೂಡಿಸುವಂಥ ನಿಧಾನದ ಕೆಲಸವನ್ನೆಲ್ಲ ಹಿಂದಲೆಗೆ ಹಾಕುತ್ತಿದ್ದರು. ಕಿವಿಯ ಹಿಂದೆ ಕೂರಿಸಿದ ಯಂತ್ರದ ಗುಂಡಿ ಒತ್ತಿದರೆ ಸಾಕು, ಕೆಲಸ ತಲೆಯ ಹಿಂಭಾಗದಲ್ಲಿ ತಾನಾಗಿ ನಡೆಯುತ್ತಿತ್ತು, ಇಲ್ಲಿ ನಾಲಿಗೆ ನಿಲ್ಲದೆ ಆಡುತ್ತಿತ್ತು. ಮದುವೆ ಸೀರೆ ಬಿಡಿಸಿ ತೋರಿಸುತ್ತಿದ್ದಾಗಲೇ ಹಾಲಮ್ಮನಿಗೆ ಅವ್ವ ತೀರಿಕೊಂಡ ಸುದ್ದಿ ಬಂತು. ಕಣ್ಣು ತುಂಬುವಷ್ಟರಲ್ಲಿ ಗುಂಡಿ ಒತ್ತಿ ಅಳುವನ್ನೂ ಹಿಂದಲೆಗೆ ಹಾಕಿದಳು.

"ಈ ಅಂಚು ನೋಡಿ ಅಕ್ಕಾ, ನಿಮ್ಮ ಮಗಳಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದಳು. ವ್ಯಾಪಾರ ಕುದುರಿತು. ಸಾಹುಕಾರರು ಮೆಚ್ಚಿ, ಸಂಜೆ ಬೇಗ ಕಳಿಸಿದರು.

ಮನೆಯಲ್ಲಿ ಹೆಣದ ಸುತ್ತ ಕೂತವರು ಸರಿದು ಜಾಗ ಬಿಟ್ಟರು. ತಂಗಿ ಕೊಟ್ರಮ್ಮ ಅವಳ ತೋಳು ಹಿಡಿದು, "ಅತ್ತುಬಿಡು ಅಕ್ಕಾ. ಅವ್ವ ಕೊನೇವರೆಗೂ ನಿನ್ನ ಹೆಸರೇ ಹೇಳ್ತಿದ್ಲು," ಎಂದಳು.

ಹಾಲಮ್ಮ ಗುಂಡಿ ಒತ್ತಿ ಅಳುವನ್ನು ಮುಂದಕ್ಕೆ ಕರೆದಳು.

"ಆ ಕೆಲಸ ಮಧ್ಯಾಹ್ನವೇ ಮುಗಿದಿದೆ," ಎಂದಿತು ಕಿವಿಯೊಳಗಿನ ದನಿ. "ಬೇರೇನಾದರೂ ಇದೆಯೇ?"

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಬೆರಳುಗಳು ಅವ್ವನಿಗೆ ಹೊದಿಸಿದ್ದ ಸೀರೆಯ ಸೆರಗನ್ನು ಉಜ್ಜಿ ನೋಡಿದವು.

"ಒಳ್ಳೇ ಬಟ್ಟೆ," ಎಂದಳು ತಂಗಿಗೆ. "ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ."